ಎಂ. ಲತಾ ಅವರ ಪ್ರಬಂಧಗಳು

ತಾನು ಬರೆಯದ ಪ್ರಬಂಧಗಳ ಪೈಕಿ ಹೃದಯದ ಕವಾಟದ್ದು ಯಾವ ವರ್ಷದ್ದು, ಮೂತ್ರಪಿಂಡದ್ದು ಯಾವ ಜರ್ನಲ್ಲಿನದು, ಭತ್ತದ ಬೆಂಕಿರೋಗದ್ದು ಯಾವ ಊರಿನ ಪ್ರಯೋಗಾಲಯದ್ದು ಎಂದು ಲತಾ ಈಗ ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳಾಗಿದ್ದಳು. ತಾನೇ ಬರೆದ ಮೂರರ ತಲೆಬರಹ ಮಾತ್ರ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಭಾನುವಾರದ ಬೆಳಗಿನ ಬಸ್ಸು ಹೊಸದುರ್ಗ ಬಿಟ್ಟು, ರಸ್ತೆಬದಿಯ ತೆಂಗಿನ ತೋಟಗಳ ನೆರಳನ್ನು ಅವಳ ಮಡಿಲಿನ ಮೇಲೆ ಹಾಯಿಸುತ್ತ ಹೊಳಲ್ಕೆರೆಯ ಕಡೆ ಓಡುತ್ತಿತ್ತು. ಗಾಳಿ ಹಿತವಾಗಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು. ಇಷ್ಟು ಸುಖವಾದ ಬೆಳಗಿನಲ್ಲಿ ತನಗೆ ಮಾತ್ರ ಪರೀಕ್ಷೆಯ ದಿನದ ಅಂಜಿಕೆ ಏಕೆ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿದ್ದೂ ಕೇಳಿಕೊಂಡಳು. ತುರುವನೂರಿನಲ್ಲಿ ಓಬಯ್ಯ ಮಾವ ಕಾಯುತ್ತಿದ್ದ. ಅವನ ಕಾಲುಗಳು ಊದಿಕೊಂಡಿದ್ದವು. ಆಸ್ಪತ್ರೆಗೆ ಹೋಗು ಅಂದರೆ, ನಮ್ಮ ಲತಾ ಬಂದು ನೋಡಲಿ, ಅವಳಿಗಿಂತ ದೊಡ್ಡ ಡಾಕ್ಟರು ಯಾರಿದ್ದಾರೆ ಅನ್ನುತ್ತಿದ್ದಾನಂತೆ. ಅವ್ವ ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿಯಲ್ಲಿ ಆತಂಕದಷ್ಟೇ ಹೆಮ್ಮೆಯೂ ಇತ್ತು.

ಆದದ್ದು ಇಷ್ಟೇ. ಹೊಸದುರ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ಅವಳಿಗೆ ಬೇಸಿಗೆಯಲ್ಲಿ ಪ್ರಿನ್ಸಿಪಾಲ್ ಹಾಲಸ್ವಾಮಿಯವರಿಂದ ಒಂದು ಆದೇಶ ಬಂತು. ತಪಾಸಣೆಯ ತಂಡ ಬರಲಿದೆ, ಎಲ್ಲ ಅಧ್ಯಾಪಕರೂ ಸಂಶೋಧಕರ ಪ್ರಬಂಧಗಳನ್ನು ಪಟ್ಟಿ ಮಾಡುವ ವೆಬ್‌ಸೈಟಿನಲ್ಲಿ ತಮ್ಮ ತಮ್ಮ ಪುಟ ತೆರೆಯಬೇಕು ಎಂದು. ಅವಳು ಅದನ್ನು ತೆರೆದದ್ದೂ ಇಂಥದೇ ಬಸ್ಸಿನಲ್ಲಿ, ಒಂದು ಕೈಯಲ್ಲಿ ಊಟದ ಬುತ್ತಿ, ಇನ್ನೊಂದರಲ್ಲಿ ಫೋನು. ಎಂ. ಲತಾ ಎಂದು ಹೆಸರು ಹಾಕಿದ ಕೂಡಲೇ ಆ ಪುಟ ಒಂದು ಉದ್ದನೆಯ ಪಟ್ಟಿ ತೋರಿಸಿ, ಇವು ನಿಮ್ಮವೇ ಎಂದು ಕೇಳಿತು. ಕೆಳಗೆ, ಎಲ್ಲವೂ ನನ್ನವೇ ಎಂಬ ಗುಂಡಿ. ಬಸ್ಸು ಒಂದು ಹಂಪು ಹಾರಿತು. ಗುಂಡಿ ಒತ್ತಿದ್ದು ತನ್ನ ಹೆಬ್ಬೆರಳೋ ರಸ್ತೆಯ ಹಂಪೋ ಎಂಬುದನ್ನು ಅವಳು ಇನ್ನೂ ತೀರ್ಮಾನಿಸಿರಲಿಲ್ಲ. ಆದರೆ ಮರುದಿನ ನೂರಾ ನಲವತ್ತು ಚಿಲ್ಲರೆ ಪ್ರಬಂಧಗಳು ತನ್ನ ಫೋಟೋದ ಕೆಳಗೆ ಸಾಲಾಗಿ ನಿಂತದ್ದನ್ನು ಕಂಡೂ ತೆಗೆಯದೆ ಬಿಟ್ಟದ್ದು ಹಂಪಲ್ಲ. ನಾಳೆ ತೆಗೆದರಾಯಿತು ಅಂದುಕೊಂಡಳು. ನಾಳೆ ಇಂಟರ್ನಲ್ಸ್ ಪರೀಕ್ಷೆ ಇತ್ತು. ಅದರ ಮಾರನೆಯ ದಿನ ಹಾಲಸ್ವಾಮಿಯವರು ನೋಡಿಬಿಟ್ಟರು.

ಎಂ ಅಂದರೆ ಅವಳ ಪಾಲಿಗೆ ಮಂಜಣ್ಣ. ವರ್ಷದ ಅರ್ಧ ಕುರಿ ಹೊಡೆದುಕೊಂಡು ಊರೂರು ತಿರುಗುವ, ಈಗಲೂ ಎಲ್ಲೋ ಹಿರಿಯೂರಿನ ಆಚೆ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ತರುಬಿಕೊಂಡಿರುವ ಅವಳ ಅಪ್ಪ. ಆದರೆ ಲೋಕದಲ್ಲಿ ಎಷ್ಟೊಂದು ಎಂಗಳಿದ್ದವು. ಮೋಹನನ ಮಗಳು ಲತಾ, ಮುರುಗೇಶನ ಮಗಳು ಲತಾ, ಮ್ಯಾಥ್ಯೂವಿನ ಹೆಂಡತಿ ಲತಾ, ಮಾಧವನ್, ಮಣಿ, ಮುನಿಸ್ವಾಮಿ. ಅವರೆಲ್ಲ ಯಾವ್ಯಾವುದೋ ಊರಿನ ಆಸ್ಪತ್ರೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಕೂತು ವರ್ಷಗಟ್ಟಲೆ ದುಡಿದದ್ದು ಹೊಸದುರ್ಗದ ಒಬ್ಬ ಎಂ. ಲತಾಳ ಕೆಳಗೆ ಬಂದು ಬಿದ್ದಿತ್ತು. ಹಾಲಸ್ವಾಮಿಯವರು ಸ್ಟಾಫ್‌ ರೂಮಿನಲ್ಲಿ ಶಾಲು ಹೊದಿಸಿ, ಮೆಡಿಸಿನ್ನಿಂದ ಹಿಡಿದು ಜೀವವಿಜ್ಞಾನದವರೆಗೆ ಇವರು ಕೈಯಾಡಿಸದ ಕ್ಷೇತ್ರವೇ ಇಲ್ಲ, ಇಂಥವರು ನಮ್ಮ ನಡುವೆ ಚಪಾತಿ ಡಬ್ಬಿ ಹಿಡಿದು ಓಡಾಡಿಕೊಂಡಿದ್ದರೂ ನಮಗೆ ಗೊತ್ತಿರಲಿಲ್ಲ ಎಂದು ಗದ್ಗದಿತರಾದರು. ಅವಳು ಆಗ ಬಾಯಿ ತೆರೆದಳು. ಸರ್, ಇದರಲ್ಲಿ ಒಂದು ಸಣ್ಣ ತಪ್ಪಾಗಿದೆ ಅನ್ನಬೇಕೆಂದು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಹಣ್ಣಿನ ಬುಟ್ಟಿ ಕೈಗೆ ಬಂತು. ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದವಳು ಅಂಥ ಮಾತು ಹೇಗೆ ಹೇಳುವುದು. ಕೆಮಿಸ್ಟ್ರಿಯ ಲಕ್ಷ್ಮೀಕಾಂತ್ ಮಾತ್ರ ಚಹಾ ಕುಡಿಯುವಾಗ ಹತ್ತಿರ ಬಂದು, ಮೇಡಂ, ಭತ್ತ ಯಾವಾಗ ಬೆಳೆದ್ರಿ ಎಂದು ಮೆಲ್ಲಗೆ ಕೇಳಿದ. ಅವಳು ನಕ್ಕಳು. ಅವನೂ ನಕ್ಕ. ಅವನ ನಗು ಮುಗಿಯಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಆ ವಾರವೇ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಕುರಿಗಾಹಿ ಮನೆಯ ಮಗಳ ಸಾಧನೆ ಎಂದು ಅವಳ ಶಾಲು ಹೊದ್ದ ಫೋಟೋ ಬಂತು.

ಇದೆಲ್ಲ ಬರೀ ಅಂಜಿಕೆಯೇ ಆಗಿದ್ದರೆ ಎಂದೋ ತೆಗೆದುಹಾಕಿರುತ್ತಿದ್ದಳು. ಆದರೆ ಬಿಡುವಿನ ಪೀರಿಯಡ್ಡುಗಳಲ್ಲಿ ಅವಳು ಆ ಪ್ರಬಂಧಗಳನ್ನು ಒಂದೊಂದಾಗಿ ಓದತೊಡಗಿದ್ದಳು. ಯಾರಾದರೂ ಕೇಳಿದರೆ ಉತ್ತರ ಇರಲಿ ಎಂದು ಶುರುವಾದದ್ದು, ಬರಬರುತ್ತ ಚಟವಾಯಿತು. ಎಲ್ಲವನ್ನೂ ಪೂರ್ತಿ ಓದಲಾಗುತ್ತಿರಲಿಲ್ಲ. ಎಷ್ಟೋ ಕಡೆ ದುಡ್ಡು ಕೊಡದೆ ಸಾರಾಂಶಕ್ಕಿಂತ ಮುಂದೆ ಬಿಡುತ್ತಿರಲಿಲ್ಲ. ಬಿಟ್ಟಷ್ಟು ಓದಿದಳು. ಓದುತ್ತ ಓದುತ್ತ ಇವನ್ನೆಲ್ಲ ಬರೆದ ಒಬ್ಬಳೇ ಹೆಂಗಸು ಅವಳ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದಳು. ಬೆಳಿಗ್ಗೆ ಮಕ್ಕಳ ರಕ್ತಹೀನತೆ ನೋಡಿ, ಮಧ್ಯಾಹ್ನ ಹೃದಯದ ಕವಾಟ ರಿಪೇರಿ ಮಾಡಿ, ಸಂಜೆ ಗದ್ದೆಗಿಳಿಯುವವಳು. ಯಾರಿಗೂ ಹೆದರದವಳು. ಒಂದು ಪ್ರಬಂಧದ ಕೊನೆಯಲ್ಲಿ, ನನ್ನ ದಿವಂಗತ ಪತಿಯ ನೆನಪಿಗೆ ಎಂದಿತ್ತು. ಅದನ್ನು ಓದಿದ ಸಂಜೆ ಮನೆಗೆ ಹೋದಾಗ ಗಂಡ ಪ್ರಭು ಬನಿಯನ್ನಿನಲ್ಲಿ ಕೂತು ಕ್ರಿಕೆಟ್ ನೋಡುತ್ತಿದ್ದುದನ್ನು ಕಂಡು ಅವಳಿಗೆ ಇದ್ದಕ್ಕಿದ್ದಂತೆ ಕಣ್ಣು ತುಂಬಿಬಂತು. ಏನಾಯಿತು ಎಂದು ಅವನು ಗಾಬರಿಯಾದ. ಏನಿಲ್ಲ, ಚೆನ್ನಾಗಿದೀಯಲ್ಲ ಅಂದಳು.

ಅಂಥದೇ ಒಂದು ಮಧ್ಯಾಹ್ನ, ಮೂತ್ರಪಿಂಡದ ಪ್ರಬಂಧದ ಸಾರಾಂಶ ಕಣ್ಣ ಮುಂದಿರುವಾಗಲೇ, ಮಾವನ ಫೋನು ಬಂದಿತ್ತು. ಮುಖ ಬೆಳಿಗ್ಗೆ ಉಬ್ಬಿದಂಗೆ ಇರ್ತತೆ, ಉಚ್ಚೆ ಕಮ್ಮಿ ಆಗೈತೆ, ಏನು ಮಾಡ್ಲಿ ಎಂದು ಅವನು ಕೇಳಿದ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಸಾರಾಂಶದಲ್ಲಿ ನೀರಿನ ಮಾತಿತ್ತು, ಕಲ್ಲಿನ ಮಾತಿತ್ತು. ಚೆನ್ನಾಗಿ ನೀರು ಕುಡಿ ಮಾವ, ಕಿಡ್ನಿ ತೊಳೆದಂಗಾಗುತ್ತೆ ಅಂದಳು. ಆ ಮಾತು ಹೇಳಿದ ದನಿ ತನ್ನದಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿಕೊಂಡು ನಡೆಯುತ್ತ ನಡೆಯುತ್ತಲೇ ಉತ್ತರ ಕೊಡುವವರ ದನಿ ಅದು. ಕೇಳಲು ಚೆನ್ನಾಗಿತ್ತು.

ಹೊಳಲ್ಕೆರೆ ಇನ್ನೇನು ಬಂತು ಅನ್ನುವಾಗ ಮುಂದಿನ ಸೀಟಿನ ದಪ್ಪ ಮೀಸೆಯ ಮನುಷ್ಯ ಹಿಂದಕ್ಕೆ ತಿರುಗಿದ. ನೋಡಿದ, ಮತ್ತೆ ನೋಡಿದ. ಪೇಪರ್ನಾಗೆ ಬಂದಿದ್ದ ಮೇಡಂ ನೀವೇ ಅಲ್ಲೇನ್ರಿ ಎಂದು ಕೇಳಿದ. ಅವಳು ಅಲ್ಲ ಅನ್ನುವಷ್ಟರಲ್ಲಿ ಅವನು ಪಕ್ಕದವರಿಗೆ ಅವಳ ಪರಿಚಯ ಮಾಡಿಕೊಟ್ಟು, ತನ್ನ ಫೋನಿನಲ್ಲಿ ರಕ್ತಪರೀಕ್ಷೆಯ ರಿಪೋರ್ಟು ಹುಡುಕತೊಡಗಿದ್ದ. ಶುಗರ್ರು, ಮೇಡಂ, ಒಂದ್ಸಲ ಕಣ್ಣಾಡಿಸಿಬಿಡ್ರಿ. ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ಲತಾ ಎದ್ದು ನಿಂತಳು. ನಾನು ಇಲ್ಲೇ ಇಳಿಯೋದು ಎಂದಳು. ಇಳಿದೂಬಿಟ್ಟಳು. ನಿಲ್ದಾಣದಲ್ಲಿ ಬಸ್ಸಿನ ಹಿಂಭಾಗಕ್ಕೆ ಹೋಗಿ, ಬಾಳೆಹಣ್ಣಿನ ಗಾಡಿಯ ಮರೆಯಲ್ಲಿ ನಿಂತು, ಬೇಡದ ಬಾಳೆಹಣ್ಣು ಕೊಂಡು, ಬಸ್ಸು ಹೊರಡುವ ಸದ್ದಾದಾಗ ಹಿಂಬಾಗಿಲಿನಿಂದ ಹತ್ತಿ ಕೊನೆಯ ಸೀಟಿನಲ್ಲಿ ತಲೆ ತಗ್ಗಿಸಿ ಕುಳಿತಳು. ನಲವತ್ತರ ಹೆಂಗಸು, ಡಾಕ್ಟರೇಟ್ ಮಾಡಿದವಳು, ಟಿಕೆಟ್ ತೆಗೆದುಕೊಂಡ ಬಸ್ಸಿಗೆ ಕಳ್ಳಿಯ ಹಾಗೆ ಹತ್ತಿದ್ದಳು. ಅವಳಿಗೆ ನಗು ಬಂತು. ನಗುತ್ತಿರುವಾಗಲೇ ಕಂಡಕ್ಟರ್ ಬಂದು, ಮೇಡಂ ನೀವು ಹೊಳಲ್ಕೆರೇಲಿ ಇಳಿದ್ರಲ್ಲ, ಮೀಸೆ ಅಣ್ಣಾರು ಕಿಟಕಿಯಿಂದ ನೋಡ್ತಾನೇ ಇದ್ರು ಅಂದ.

ಓಬಯ್ಯ ಅವಳಿಗೆ ಅವ್ವನ ತಮ್ಮ. ಅವಳಿಗೆ ಹದಿನೇಳಾದಾಗ, ಮನೆಯ ಹಿರಿಯರೆಲ್ಲ ಕಂಬಳಿ ಹಾಸಿ ಕೂತು ಇವನಿಗೇ ಕೊಡುವುದೆಂದು ಮಾತಾಡಿದ್ದರು. ಅಕ್ಕನ ಮಗಳು, ತಮ್ಮ. ಯಾರಿಗೂ ಎರಡನೆಯ ಯೋಚನೆ ಬಂದಿರಲಿಲ್ಲ. ಅವಳಿಗೂ ಬಂದಿರಲಿಲ್ಲ. ಬಾಗಿಲ ಸಂದಿಯಿಂದ ಕೇಳುತ್ತ ನಿಂತವಳಿಗೆ ಮಾವನ ಮಾತು ಈಗಲೂ ನೆನಪಿದೆ. ನಂಗೆ ಬ್ಯಾಡ, ಅವ್ಳು ಓದ್ಲಿ ಅಂದಿದ್ದ, ಊಟ ಬೇಡ ಅನ್ನುವಷ್ಟು ಸಲೀಸಾಗಿ. ಮಾರನೆಯ ತಿಂಗಳು ತನ್ನ ಟಿವಿಎಸ್ಸಿನ ಹಿಂದೆ ಕೂರಿಸಿಕೊಂಡು ಜಿಲ್ಲಾಕೇಂದ್ರ ದುರ್ಗದ ಕಾಲೇಜಿಗೆ ಸೇರಿಸಿ ಬಂದವನೂ ಅವನೇ. ಕಾಲೇಜಿನ ಗೇಟಿನಲ್ಲಿ ಇಳಿಸಿ, ಇಲ್ಲಿ ಕುರಿ ಕಾಯೋ ಪಾಠ ಐತೇನು ಕೇಳು ಅಂದು ನಕ್ಕಿದ್ದ. ಈಗ ದುರ್ಗದಲ್ಲಿ ಬಸ್ಸು ಬದಲಿಸಿ ತುರುವನೂರಿನ ಬಸ್ಸಿನಲ್ಲಿ ನಿಂತಾಗ ಅವಳು ಅದನ್ನೇ ನೆನೆಯುತ್ತಿದ್ದಳು. ಬೇರೆಯವರ ಮುಂದೆ ಸುಳ್ಳು ಹೇಳಿಬಿಡಬಹುದು. ಹಾಲಸ್ವಾಮಿಯವರು, ಪತ್ರಿಕೆಯವರು, ಮೀಸೆಯವನು, ಅವರ ಬಳಿ ಅವಳಿಗೆ ಯಾವ ಬಾಕಿಯೂ ಇರಲಿಲ್ಲ, ಮಾವನ ಬಳಿ ಇತ್ತು.

ಮನೆಯಲ್ಲಿ ಅವ್ವ ಪಾಲಮ್ಮ ಪತ್ರಿಕೆಯ ಫೋಟೋವನ್ನು ಕತ್ತರಿಸಿ, ದೇವರ ಪಟಗಳ ಸಾಲಿನಲ್ಲೇ ಅಂಟಿಸಿದ್ದಳು. ಅದಕ್ಕೂ ಕುಂಕುಮ ಬಿದ್ದಿತ್ತು. ಮಾವನ ಹೆಂಡತಿ ಮಗಳ ಬಾಣಂತನಕ್ಕೆಂದು ಹಿರಿಯೂರಿಗೆ ಹೋಗಿದ್ದರಿಂದ ಅವನು ಈಗ ಅಕ್ಕನ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಜಗಲಿಯ ಮೇಲೆ ಗೋಡೆಗೊರಗಿ, ಎರಡೂ ಕಾಲು ಚಾಚಿ, ಪಕ್ಕದಲ್ಲಿ ಒಂದು ಸ್ಟೀಲಿನ ಕೊಡ, ಕೈಯಲ್ಲಿ ಲೋಟ ಇಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಆ ಮುಖವೇ ಅವಳಿಗೆ ಗುರುತು ಸಿಗಲಿಲ್ಲ. ಕಣ್ಣ ಕೆಳಗೆ ಚೀಲಗಳು ತೂಗುತ್ತಿದ್ದವು, ಕೆನ್ನೆಗಳು ಮಿರುಗುತ್ತಿದ್ದವು. ಪಾದಗಳು ಬೇರೆ ಯಾರವೋ ಎಂಬಂತೆ ದಪ್ಪಗಾಗಿದ್ದವು.

"ಬಾರವ್ವ. ನೋಡು, ನೀನು ಹೇಳ್ದಂಗೆ ದಿನಾ ಒಂದು ಕೊಡ ಖಾಲಿ ಮಾಡ್ತಿದೀನಿ," ಅಂದ. "ಯಾಕೋ ಒಳಗೆ ಹೋಗಿದ್ದು ಹೊರಗೆ ಬರ್ತಿಲ್ಲ."

ಅವಳು ಚೀಲ ಇಳಿಸದೆ ಅವನ ಕಾಲ ಬಳಿ ಕೂತು ಹೆಬ್ಬೆರಳಿನಿಂದ ಮೀನಖಂಡದ ಕೆಳಗೆ ಒತ್ತಿದಳು. ಕೈ ತೆಗೆದಮೇಲೂ ಗುಳಿ ಹಾಗೇ ಉಳಿಯಿತು. ಒಳಗಿನಿಂದ ಅವ್ವ ಚಹಾ ತರುತ್ತ, ಪಕ್ಕದ ಮನೆಯ ಹೆಂಗಸರಿಗೆ, ನೋಡ್ರೆ, ಕೈ ಇಟ್ಟ ತಕ್ಷಣ ಕಾಯಿಲೆ ಹಿಡಿತಾಳೆ ಎಂದು ಹೇಳುವುದು ಕೇಳಿಸಿತು. ಆ ಗುಳಿ ನಿಧಾನವಾಗಿ ತುಂಬಿಕೊಳ್ಳುವುದನ್ನು ನೋಡುತ್ತ ಲತಾಗೆ ತನ್ನೊಳಗೆ ಇಷ್ಟು ದಿನ ಬಿಳಿ ಕೋಟು ಹಾಕಿಕೊಂಡು ಓಡಾಡುತ್ತಿದ್ದ ಆ ಹೆಂಗಸು ಎಲ್ಲೂ ಕಾಣಲಿಲ್ಲ. ಕರೆದು ನೋಡಿದಳು. ಮಕ್ಕಳ ರಕ್ತ ನೋಡುವವಳಿಲ್ಲ, ಕವಾಟ ಹೊಲಿಯುವವಳಿಲ್ಲ. ಜಗಲಿಯ ಮೇಲೆ ಮಂಜಣ್ಣನ ಮಗಳು ಒಬ್ಬಳೇ ಇದ್ದಳು, ಅವಳಿಗೆ ಏನೂ ಗೊತ್ತಿರಲಿಲ್ಲ.

"ಮಾವ, ಅವು ನಾನು ಬರೆದವಲ್ಲ."

"ಯಾವು?"

"ಪೇಪರ್ನಾಗೆ ಹಾಕ್ಯಾರಲ್ಲ, ಅವು. ನನ್ನ ಹೆಸರಿನ ಬೇರೆ ಬೇರೆ ಹೆಂಗಸ್ರು ಬರೆದವು. ನಾನು ಬರೆದಿರೋದು ಮೂರೇ. ಮೂರೂ ಕುರಿ ಲಿವರ್ ಹುಳದವು. ಮನುಷ್ಯರ ಕಿಡ್ನಿ ಬಗ್ಗೆ ನಂಗೆ ಏನೂ ಗೊತ್ತಿಲ್ಲ."

ಪಾಲಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಇವಳು ಚಿಕ್ಕೋಳಿದ್ದಾಗ್ಲಿಂದ ಹಿಂಗೇ, ಫಸ್ಟ್ ಬಂದ್ರೂ ಫೇಲಾಗೀನಿ ಅಂತ ಅಳ್ತಾ ಬರೋಳು ಎಂದು ಪಕ್ಕದ ಮನೆಯವರ ಕಡೆ ನೋಡಿ ನಕ್ಕಳು. ಯಾರೂ ನಗಲಿಲ್ಲ. ಓಬಯ್ಯ ಲತಾಳನ್ನೇ ನೋಡುತ್ತಿದ್ದ. ಕುರಿ ಎಣಿಸುವಾಗ ಒಂದು ಕಡಿಮೆ ಬಿದ್ದರೆ ಹೀಗೆಯೇ ನೋಡುತ್ತಿದ್ದ, ಸಿಟ್ಟಿಲ್ಲದೆ, ಮತ್ತೊಮ್ಮೆ ಮೊದಲಿನಿಂದ.

"ಹಂಗಾದ್ರೆ ನೀರು ಕುಡಿ ಅಂದಿದ್ದು?"

"ಓದಿದ್ದೆ. ಅರ್ಧ ಓದಿದ್ದೆ."

ಅವನು ಕೈಯಲ್ಲಿದ್ದ ಲೋಟವನ್ನು ನೋಡಿದ. ಅದರಲ್ಲಿದ್ದ ನೀರನ್ನು ಜಗಲಿಯ ಕೆಳಗಿನ ಕರಿಬೇವಿನ ಬುಡಕ್ಕೆ ಚೆಲ್ಲಿ, ಲೋಟವನ್ನು ಕೊಡದ ಬಾಯಿಗೆ ಮುಚ್ಚಿದ. "ನಾನು ಯಾರ ಮಾತೂ ಕೇಳೋ ಪೈಕಿ ಅಲ್ಲ ಕಣವ್ವ," ಅಂದ. "ನಿನ್ನ ಮಾತು ಅಂತ ಕೇಳ್ದೆ."

ಇದಕ್ಕಿಂತ ಅವನು ಎದ್ದು ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆದರೆ ಅವನು ಗೋಡೆ ಹಿಡಿದು ಎದ್ದ. ಚಪ್ಪಲಿಯೊಳಗೆ ಪಾದ ತೂರಲಿಲ್ಲ. ಎರಡು ಸಲ ಪ್ರಯತ್ನಿಸಿ, ಬರಿಗಾಲಲ್ಲೇ ಅಂಗಳಕ್ಕಿಳಿದು, "ಮತ್ತೆ ಯಾಕೆ ಕುಂತೀಯ, ನಡಿ ಹೋಗಾಣ, ಓದಿರೋರ ಹತ್ರ," ಅಂದ. ಪಕ್ಕದ ಬೀದಿಯ ಶಿವು ತನ್ನ ಕಾರು ತಂದ. ಅವಳು ಹಿಂದಿನ ಸೀಟಿನಲ್ಲಿ ಮಾವನ ಪಕ್ಕ ಕೂತಳು. ಮಾವ ದುರ್ಗದವರೆಗೂ ಶಿವುವಿನ ಜೊತೆ ಟಗರಿನ ರೇಟು, ಹೊಸ ಬೋರ್‌ವೆಲ್ಲು, ಯಾರದೋ ಮದುವೆಯ ಊಟ ಎಂದು ಹರಟುತ್ತಲೇ ಹೋದ. ಒಂದು ಕಡೆ ಅವನ ಊದಿದ ಕೈ ಬಂದು ಅವಳ ಕೈ ಮೇಲೆ ಕೂತಿತು. ಬೇಕೆಂದೇ ಇಟ್ಟದ್ದೋ, ಕಾರು ತಿರುಗಿದ್ದಕ್ಕೆ ಜಾರಿದ್ದೋ ಅವಳಿಗೆ ಗೊತ್ತಾಗಲಿಲ್ಲ. ಆದರೆ ಅವನು ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಲತಾಳ ಹಳೆಯ ವಿದ್ಯಾರ್ಥಿನಿ ಅನ್ನಬಹುದಾದಷ್ಟು ಸಣ್ಣವಳು. ಕೋಟಿನ ಜೇಬು ಹರಿದಿತ್ತು, ಅದರಲ್ಲಿ ಬಿಸ್ಕತ್ತಿನ ಪೊಟ್ಟಣ ಇಣುಕುತ್ತಿತ್ತು. ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನು ಎಲ್ಲ ಆಗಿ ಮಧ್ಯಾಹ್ನದ ಮೇಲೆ ಆಕೆ ಅವರನ್ನು ಕೂರಿಸಿಕೊಂಡು ಒಂದೊಂದೇ ಕೇಳುತ್ತ ಹೋದಳು. ಮಂಡಿನೋವಿಗೆಂದು ಓಬಯ್ಯ ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ಚಾಕಲೇಟಿನಂತೆ ನುಂಗಿದ್ದು ಆಗ ಹೊರಬಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಲತಾಗೂ ಹೇಳಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಕೇಳಬೇಕಾಗಿತ್ತು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಆ ಪ್ರಬಂಧಗಳಲ್ಲೆಲ್ಲ ಪ್ರಶ್ನೆಗಳನ್ನು ಮೊದಲೇ ಯಾರೋ ಕೇಳಿ ಮುಗಿಸಿದ್ದರು, ಅವಳ ಕಣ್ಣಿಗೆ ಬಿದ್ದದ್ದು ಬರೀ ಉತ್ತರ.

"ಕಿಡ್ನಿಗೆ ಪೆಟ್ಟು ಬಿದ್ದಿದೆ. ಆ ಮಾತ್ರೆಯಿಂದ," ಡಾಕ್ಟರು ಹೇಳಿದಳು. "ಇಷ್ಟೊಂದು ನೀರು ಕುಡಿ ಅಂತ ಯಾರು ಹೇಳಿದ್ದು?"

ಓಬಯ್ಯ ತಡಮಾಡಲಿಲ್ಲ. ಯಾರೋ ಬಸ್ಸಿನಾಗೆ ಸಿಕ್ಕೋರು ಹೇಳಿದ್ರು ಅಂದ. ಅಷ್ಟು ಸರಾಗವಾಗಿ ಅಂದ, ಎಂದೋ ತಯಾರು ಮಾಡಿಟ್ಟುಕೊಂಡವನ ಹಾಗೆ. ಡಾಕ್ಟರು ತಲೆ ಅಲ್ಲಾಡಿಸಿ ಬರೆಯಲು ಬಗ್ಗಿದಳು. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಲತಾ ಮಾವನ ಮುಖ ನೋಡಿದಳು, ಅವನು ಮೇಲಿನ ಫ್ಯಾನು ನೋಡುತ್ತಿದ್ದ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಬಾಗಿಲ ಸಂದಿಯಲ್ಲಿ ನಿಂತು, ಹಿರಿಯರ ಎದುರು ಒಂದೂ ಮಾತಾಡದೆ ಅವನಿಂದಲೇ ಬಿಡುಗಡೆ ಪಡೆದವಳು ತಾನು. ಇವತ್ತೂ ಅವನೇ ಮಾತಾಡಿ ಬಿಡಿಸಬೇಕೆ.

"ನಾನು ಹೇಳಿದ್ದು," ಅಂದಳು.

ಡಾಕ್ಟರು ಪೆನ್ನು ನಿಲ್ಲಿಸಿದಳು. "ನೀವು ಏನು ಕೆಲಸ ಮಾಡೋದು?"

"ಕಾಲೇಜಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡ್ತೀನಿ. ನನ್ನ ಸಂಶೋಧನೆ ಕುರಿಯ ಲಿವರ್ ಹುಳದ ಮೇಲೆ."

ಡಾಕ್ಟರು ಬೈಯಲಿಲ್ಲ, ನಗಲೂ ಇಲ್ಲ. ಚೀಟಿಯಲ್ಲಿ ಏನೋ ಬರೆದು, ಇನ್ನೂ ಎರಡು ವಾರ ಹೀಗೇ ಬಿಟ್ಟಿದ್ದರೆ ಮಾತು ಬೇರೆ ಇರುತ್ತಿತ್ತು ಎಂದಳು. ಈಗ ಗುಳಿಗೆ ನಿಲ್ಲಿಸಿ, ನೀರು ಇಳಿಯುವ ಔಷಧಿ ಕೊಟ್ಟು ನೋಡುತ್ತೇವೆ, ಬಹಳಮಟ್ಟಿಗೆ ಸರಿಹೋಗಬಹುದು, ಆದರೆ ಪರೀಕ್ಷೆಗೆ ಬರುತ್ತಲೇ ಇರಬೇಕು, ಅಳತೆ ಮೀರಿ ನೀರು ಕುಡಿಯಕೂಡದು. ಅಷ್ಟು ಹೇಳಿ, ಜೇಬಿನ ಬಿಸ್ಕತ್ತು ತೆಗೆದು ಬಾಯಿಗೆ ಹಾಕಿಕೊಳ್ಳುತ್ತ ಮುಂದಿನವರನ್ನು ಕರೆದಳು. ಹೊರಗೆ ಬಂದಮೇಲೆ ಓಬಯ್ಯ ಸಿಡುಕಿದ. ನಾನು ಒಂದು ಮಾತು ಹೇಳಿ ಮುಗ್ಸಿದ್ನಲ್ಲ, ನೀನ್ಯಾಕೆ ಮಧ್ಯ ಬಾಯಿ ಹಾಕ್ದೆ ಎಂದ. ಅವಳಿಗೆ ಬೆಳಗಿನಿಂದ ಮೊದಲ ಸಲ ಹಸಿವಾಯಿತು.

ಮಾವನಿಗೆ ವಾರ್ಡಿನಲ್ಲಿ ಮಂಚ ಸಿಕ್ಕಿದ ಮೇಲೆ ಅವಳು ಹೊರಗಿನ ವರಾಂಡಕ್ಕೆ ಬಂದು ಹಾಲಸ್ವಾಮಿಯವರಿಗೆ ಫೋನು ಮಾಡಿದಳು. ವಿಷಯವನ್ನು ಅವಳು ಎರಡು ಸಲ ಹೇಳಬೇಕಾಯಿತು. ಮೊದಲನೆಯ ಸಲ ಅವರು, ಬಿಡ್ರಿ ಮೇಡಂ, ದೊಡ್ಡೋರು ಹಂಗೇ ಹೇಳೋದು ಅಂದರು. ಎರಡನೆಯ ಸಲ ಅವರ ಮನೆಯ ಮಿಕ್ಸಿ ತಿರುಗುವುದು ಕೇಳಿಸಿತು. ಆಮೇಲೆ ದನಿ ತಗ್ಗಿಸಿ, ತಪಾಸಣೆ ತಂಡ ಬಂದುಹೋಗಲಿ, ಅಲ್ಲಿವರೆಗೆ ಇದ್ದಲ್ಲಿ ಇರಲಿ, ಯಾರೇನು ಎಣಿಸ್ತಾರಾ ಎಂದು ಬೇಡಿಕೊಂಡರು. ಶಾಲಿನ ಖರ್ಚಿನ ಬಿಲ್ಲು ಕೂಡ ಪಾಸಾಗಿದೆ ಎಂದರು. ಅವಳು ಮೃದುವಾಗಿಯೇ ಆಗುವುದಿಲ್ಲ ಸರ್ ಎಂದಳು. ನಾಳೆ ಬಂದು ಮಾತಾಡ್ರಿ ಎಂದು ಅವರು ಇಟ್ಟುಬಿಟ್ಟರು. ನಾಳೆ ಏನಾಗಬಹುದೆಂದು ಅವಳಿಗೆ ಗೊತ್ತಿತ್ತು. ಲಕ್ಷ್ಮೀಕಾಂತ್ ಈ ಸಲ ನಗು ಮುಗಿಸುವುದೇ ಇಲ್ಲ. ಪತ್ರಿಕೆಯವರಿಗೂ ಹೇಳಬೇಕು, ಅದು ಫೋಟೋ ಇಲ್ಲದೆ ಮೂಲೆಯಲ್ಲಿ ಬರುತ್ತದೆ. ಅವ್ವ ಅದನ್ನು ಕತ್ತರಿಸಿ ಅಂಟಿಸುವುದಿಲ್ಲ.

ಕಲ್ಲಿನ ಬೆಂಚಿನ ಮೇಲೆ ಕೂತು ಅವಳು ಫೋನಿನಲ್ಲಿ ತನ್ನ ಪುಟ ತೆರೆದಳು. ಒಟ್ಟಿಗೇ ಅಳಿಸುವ ದಾರಿಯೂ ಅಲ್ಲಿತ್ತು. ಆದರೆ ಅವಳು ಒಂದೊಂದಾಗಿಯೇ ತೆಗೆದಳು, ಮದುವೆ ಮುಗಿದಮೇಲೆ ನೆಂಟರನ್ನು ಬಸ್ಸು ಹತ್ತಿಸಿದ ಹಾಗೆ. ಕವಾಟದವಳು ಹೋದಳು. ಭತ್ತದವಳು ಹೋದಳು. ರಕ್ತಹೀನತೆಯ ಮಕ್ಕಳು ಹೋದವು. ದಿವಂಗತ ಪತಿಯ ಪ್ರಬಂಧ ಬಂದಾಗ ಬೆರಳು ಸ್ವಲ್ಪ ನಿಂತಿತು. ಆಕೆ ಇನ್ನೂ ಬದುಕಿದ್ದಾಳೋ, ಯಾವ ಊರಿನಲ್ಲಿ, ಇವತ್ತು ಭಾನುವಾರ ಏನು ಅಡುಗೆ ಮಾಡಿಕೊಂಡಿರಬಹುದು ಎಂದು ಯೋಚಿಸಿ, ಅದನ್ನೂ ತೆಗೆದಳು. ಕೊನೆಗೆ ಮೂರು ಉಳಿದವು. ಇಷ್ಟು ದಿನ ಆ ಗುಂಪಿನಲ್ಲಿ ಎಲ್ಲೋ ಕೆಳಗೆ ಸಿಕ್ಕಿಕೊಂಡಿದ್ದವು ಈಗ ಬಿಳಿಯ ಪುಟದ ಮೇಲೆ ಸಾಲಾಗಿ ಕೂತಿದ್ದವು. ಅವನ್ನು ಉಲ್ಲೇಖಿಸಿದವರು ತೀರಾ ಕಡಿಮೆ. ಅವರಲ್ಲಿ ಒಬ್ಬಳು ತಾನೇ.

ಸಂಜೆಯ ಹೊತ್ತಿಗೆ ಔಷಧಿ ಕೆಲಸ ಶುರುಮಾಡಿತ್ತು. ಓಬಯ್ಯ ಮೇಲಿಂದ ಮೇಲೆ ಬಚ್ಚಲಿಗೆ ಹೋಗಿ ಬರುತ್ತ, ಪ್ರತಿ ಸಲವೂ ವಾರ್ಡಿಗೆಲ್ಲ ಕೇಳುವಂತೆ ಅದರ ವರದಿ ಒಪ್ಪಿಸುತ್ತಿದ್ದ. ಪಕ್ಕದ ಮಂಚದಲ್ಲಿ ಭೀಮಸಮುದ್ರದ ಅಡಿಕೆ ವ್ಯಾಪಾರಿ ಮೂರ್ತಪ್ಪ ಕಣ್ಣು ಮುಚ್ಚಿ ಮಲಗಿದ್ದ. ಅವನ ಹೆಂಡತಿ ಏಕಾಂತಮ್ಮ ಸ್ಟೂಲಿನ ಮೇಲೆ ಕೂತು ಕಿತ್ತಳೆ ಬಿಡಿಸುತ್ತಿದ್ದಳು. ಅಷ್ಟರಲ್ಲಿ ಆಕೆಗೂ ಓಬಯ್ಯನಿಗೂ ಮನೆಯವರಷ್ಟು ಸಲುಗೆಯಾಗಿತ್ತು. ಮಾವ ಮಲಗಿ ಹೊದಿಕೆ ಎಳೆದುಕೊಂಡು, ಲತಾಳ ಕಡೆ ತಿರುಗಿದ.

"ನಿನ್ನವು ಮೂರು ಅವೆ ಅಂದ್ಯಲ್ಲ. ಅದ್ರಾಗೆ ಏನೈತೆ?"

ಇದುವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹಾಲಸ್ವಾಮಿಯವರು ಎಷ್ಟು ಎಂದು ಕೇಳಿದ್ದರು, ಲಕ್ಷ್ಮೀಕಾಂತ್ ಯಾವಾಗ ಎಂದು ಕೇಳಿದ್ದ, ಪ್ರಭು ಕೂಡ ಮುಗೀತಾ ಎಂದಷ್ಟೇ ಕೇಳಿದ್ದ. ಅವಳು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು ಶುರುಮಾಡಿದಳು. ಒಂದು ಹುಳ ಐತೆ ಮಾವ, ಹುಣಸೆ ಎಲೆಯಷ್ಟು ಚಪ್ಪಟೆ, ಕುರಿಯ ಲಿವರಿನಾಗೆ ಇರ್ತತೆ. ಅಲ್ಲಿ ಮೊಟ್ಟೆ ಇಡ್ತತೆ. ಮೊಟ್ಟೆ ಹಿಕ್ಕೆ ಜೊತೆ ಹೊರಗೆ ಬಂದು ಕೆರೆ ನೀರಿಗೆ ಬೀಳ್ತತೆ. ಅಲ್ಲಿ ಒಡೆದು ಮರಿ ಹೊರಗೆ ಬರ್ತತೆ, ಕಣ್ಣಿಗೆ ಕಾಣಲ್ಲ, ಮೈ ತುಂಬ ಕೂದಲು, ಈಜ್ತತೆ. ಆದರೆ ಅದಕ್ಕೆ ಬಾಯಿಲ್ಲ, ಏನೂ ತಿನ್ನಲ್ಲ. ಒಂದು ಹಗಲು ಕಳೆಯೋದ್ರೊಳಗೆ ಅದು ಒಂದು ಬಸವನಹುಳನ ಹುಡುಕಿ ಅದರ ಮೈಯೊಳಗೆ ಹೊಕ್ಕೋಬೇಕು. ನಮ್ಮ ಕಡೆ ಕೆರೆಗಳಾಗೆ ಅದು ಯಾವ ಬಸವನಹುಳನ ಹಿಡಿತತೆ, ಯಾವುದನ್ನ ಬಿಡ್ತತೆ ಅಂತ ನಾನು ಮೊಣಕಾಲು ಮಟ ಕೆಸರಿನಾಗೆ ನಿಂತು ಎರಡು ವರ್ಷ ನೋಡಿದ್ದು. ಹೇಳುತ್ತ ಹೇಳುತ್ತ ಅವಳ ದನಿ ಸಡಿಲವಾಯಿತು, ಕೈಗಳು ತಾವೇ ಎದ್ದು ಗಾಳಿಯಲ್ಲಿ ಹುಳದಂತೆ ಈಜತೊಡಗಿದವು. ಕೆಸರಿನ ವಾಸನೆ, ಜರಡಿಯೊಳಗಿನ ಕರಿಯ ಚಿಪ್ಪುಗಳು, ಸೂಕ್ಷ್ಮದರ್ಶಕದ ಕೆಳಗೆ ಮೊದಲ ಮರಿ ಗಿರಗಿರನೆ ತಿರುಗಿದಾಗ ತಾನು ಒಬ್ಬಳೇ ಪ್ರಯೋಗಾಲಯದಲ್ಲಿ ಕೂಗಿಕೊಂಡದ್ದು ಎಲ್ಲ ಬಂದವು. ನೋಡಿದರೆ ಮಾವನ ಬಾಯಿ ತೆರೆದಿತ್ತು. ಗೊರಕೆ ಸಣ್ಣಗೆ ಶುರುವಾಗಿತ್ತು. ಅವನ ಕಣ್ಣ ಕೆಳಗಿನ ಚೀಲಗಳು ಬೆಳಗಿಗಿಂತ ಸ್ವಲ್ಪ ಇಳಿದಿದ್ದವು, ಅಥವಾ ಅವಳಿಗೆ ಹಾಗೆ ಕಂಡಿತು.

ಅವಳು ಕೈ ಇಳಿಸಿ ಅವನ ಹೊದಿಕೆ ಸರಿಮಾಡಿದಳು.

"ಆಮೇಲೆ?" ಏಕಾಂತಮ್ಮ ಕೇಳಿದಳು. ಅವಳ ಕೈಯಲ್ಲಿ ಕಿತ್ತಳೆಯ ತೊಳೆ ಹಾಗೇ ನಿಂತಿತ್ತು. "ಆ ಮರಿಗೆ ಬಸವನಹುಳ ಸಿಕ್ತಾ?"

ಲತಾ ಅವಳ ಕಡೆ ತಿರುಗಿದಳು. ಎಲ್ಲಕ್ಕೂ ಸಿಗಲ್ಲ, ಅಮ್ಮ, ಸಾವಿರಕ್ಕೆ ಒಂದಕ್ಕೆ ಸಿಕ್ಕರೆ ಹೆಚ್ಚು ಎಂದು ಶುರುಮಾಡುವಷ್ಟರಲ್ಲಿ, ಇಷ್ಟು ಹೊತ್ತು ನಿದ್ದೆ ಹೋದಂತಿದ್ದ ಮೂರ್ತಪ್ಪ ಕಣ್ಣು ತೆರೆಯದೆ ದಿಂಬಿನ ಮೇಲೆ ತಲೆಯನ್ನು ಈ ಕಡೆ ಹೊರಳಿಸಿದ. ಏಕಾಂತಮ್ಮ ಸ್ಟೂಲು ಸರಿಸಿ ಮಧ್ಯೆ ಜಾಗ ಬಿಟ್ಟಳು.

"ಸ್ವಲ್ಪ ಜೋರಾಗಿ ಹೇಳ್ರಿ ಮೇಡಂ," ಅಂದಳು. "ಇವರಿಗೆ ಕಿವಿ ಮಂದ."